ದರ ತಿದ್ದಿದ್ದು ಸರಿ, ಮೊದಲು ಎಷ್ಟಿತ್ತು?

ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಸಣ್ಣ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವ ನಾಲ್ಕು ಬಗೆಯ ಅಡಿಕೆಯ ಕ್ವಿಂಟಲ್ ದರವೂ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿದೆ, ಅಂದರೆ ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಬರೆದಿಟ್ಟ ಫೈಲಿನಲ್ಲಿ. ಬೆಳಿಗ್ಗೆ ಗುಮಾಸ್ತರು ರಾಶಿ ದರ ತಿದ್ದುತ್ತಾರೆ. ಸಂಜೆ ಸಾಹುಕಾರರ ಪ್ರಶ್ನೆ ಒಂದೇ: "ಮೊದಲು ಎಷ್ಟಿತ್ತು ಮಾರಾಯ?"

ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್‌ನಲ್ಲಿ ಇದಕ್ಕೆ ದಾರಿ ಇದೆ. 2007ರಲ್ಲಿ 3.5 ಆವೃತ್ತಿಯ ಜೊತೆ ಬಂದ ಲಿಂಕ್ ಟು ಎಕ್ಸ್‌ಎಂಎಲ್ ಎಂಬ ಲೈಬ್ರರಿ ಎರಡು ಈವೆಂಟ್ (ಏನಾದರೂ ಆದಾಗ ಬರುವ ಸೂಚನೆ) ಕೊಡುತ್ತದೆ. ಬದಲಾಗುವ ಮುಂಚೆ ಚೇಂಜಿಂಗ್, ಬದಲಾದ ಮೇಲೆ ಚೇಂಜ್ಡ್.

ಮೊದಲು ಫೈಲ್ ಲೋಡ್ ಮಾಡಿ, ಆಮೇಲೆ ಬೇರು ಎಲಿಮೆಂಟಿಗೆ (ಉಳಿದೆಲ್ಲವನ್ನೂ ಒಳಗಿಟ್ಟುಕೊಂಡ ಹೊರಗಿನ ಟ್ಯಾಗ್) ಎರಡೂ ಈವೆಂಟಿನ ಹ್ಯಾಂಡ್ಲರ್ (ಈವೆಂಟ್ ಬಂದಾಗ ಓಡುವ ನಿಮ್ಮ ಕೋಡ್) ಜೋಡಿಸಿ. ಒಳಗಿನ ಯಾವ ನೋಡ್ (ಫೈಲಿನ ಒಂದು ತುಣುಕು) ಬದಲಾದರೂ ಸುದ್ದಿ ಅಲ್ಲಿಗೇ ಬರುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಜೋಡಿಸುವುದು ಬೇಡ.

ಈಗ ಹ್ಯಾಂಡ್ಲರ್ ಒಳಗೆ. ಬದಲಾದದ್ದು ಯಾವುದು ಅಂತ ಸೆಂಡರ್ ಹೇಳುತ್ತದೆ. ಏನಾಯಿತು ಅನ್ನುವುದು ಈವೆಂಟಿನ ಜೊತೆ ಬರುವ ಆಬ್ಜೆಕ್ಟ್‌ಚೇಂಜ್‌ನಲ್ಲಿರುತ್ತದೆ: ಆ್ಯಡ್, ರಿಮೂವ್, ನೇಮ್, ವ್ಯಾಲ್ಯೂ, ಈ ನಾಲ್ಕರಲ್ಲಿ ಒಂದು.

ಜಾಸ್ತಿ ಜನ ಎಡವುವುದು ಇಲ್ಲೇ. ಹಳೆಯ ಬೆಲೆಯನ್ನು ಈವೆಂಟ್ ತಾನಾಗಿ ಕೊಡುವುದಿಲ್ಲ. ಅದನ್ನು ಚೇಂಜಿಂಗ್‌ನಲ್ಲೇ ಓದಿ ಇಟ್ಟುಕೊಳ್ಳಬೇಕು. ದರ ಆಟ್ರಿಬ್ಯೂಟ್‌ನಲ್ಲಿದ್ದರೆ (ಟ್ಯಾಗಿನ ಒಳಗೇ ದರ="45000" ಅಂತ ಬರೆದದ್ದು) ಸುಲಭ, ವ್ಯಾಲ್ಯೂ ಅಂತ ಒಂದೇ ಬದಲಾವಣೆ ಕಾಣುತ್ತದೆ. ಎಲಿಮೆಂಟಿನ ಒಳಗೆ ಪಠ್ಯವಾಗಿದ್ದರೆ ಕಥೆ ಬೇರೆ. ನೀವು 45000 ಇದ್ದದ್ದನ್ನು 46000 ಮಾಡಿದರೆ ಮೊದಲು ಹಳೆಯ ಪಠ್ಯದ ರಿಮೂವ್, ಆಮೇಲೆ ಹೊಸ ಪಠ್ಯದ ಆ್ಯಡ್ ಬರುತ್ತದೆ. ಸೆಂಡರ್ ಕೂಡ ದರದ ಎಲಿಮೆಂಟ್ ಅಲ್ಲ, ಪಠ್ಯದ ನೋಡ್. ವ್ಯಾಲ್ಯೂಗೆ ಮಾತ್ರ ಕಾದು ಕೂತರೆ ಏನೂ ಸಿಗುವುದಿಲ್ಲ. ರಿಮೂವ್ ಆದ ಮೇಲೆ ಆ ನೋಡ್‌ಗೆ ಪೇರೆಂಟ್ (ಅದನ್ನು ಒಳಗಿಟ್ಟುಕೊಂಡ ಎಲಿಮೆಂಟ್) ಕೂಡ ಇರುವುದಿಲ್ಲ, ಹಾಗಾಗಿ ಅದು ರಾಶಿಯದ್ದೋ ಬೆಟ್ಟೆಯದ್ದೋ ಅನ್ನುವುದನ್ನೂ ಚೇಂಜಿಂಗ್‌ನಲ್ಲೇ ನೋಡಿಕೊಳ್ಳಿ. ಹೊಸ ದರವನ್ನು ಆ್ಯಡ್‌ನ ಚೇಂಜ್ಡ್‌ನಲ್ಲಿ ಓದಿ. ನನ್ನ ಕೇಳಿದರೆ, ದರವನ್ನು ಆಟ್ರಿಬ್ಯೂಟ್‌ನಲ್ಲೇ ಇಡಿ. ಅರ್ಧ ತಲೆನೋವು ಕಡಿಮೆ.

ಹ್ಯಾಂಡ್ಲರ್ ಒಳಗಿಂದ ಅದೇ ದರವನ್ನು ಮತ್ತೆ ತಿದ್ದಲು ಹೋಗಬೇಡಿ. ಚೇಂಜಿಂಗ್ ನಡೆಯುತ್ತಿರುವಾಗಲೇ ನೋಡ್ ತೆಗೆದುಹಾಕಿದರೆ ಚೇಂಜ್ಡ್ ಬರದೇ ಹೋಗಬಹುದು. ಹಳೆಯ, ಹೊಸ ದರದ ದಾಖಲೆಯನ್ನು ಸುಮ್ನೆ ಒಂದು ಲಿಸ್ಟಿಗೆ ಹಾಕಿ, ಕೆಲಸ ಮುಗಿದ ಮೇಲೆ ಬೇರೆ ಫೈಲಿಗೆ ಬರೆಯಿರಿ.

ಡಾಟ್‌ನೆಟ್‌ನ ಹಳೆಯ ಎಕ್ಸ್‌ಎಂಎಲ್‌ಡಾಕ್ಯುಮೆಂಟ್ ಕ್ಲಾಸ್ ಬಳಸುವವರಿಗೆ ಇಷ್ಟು ಗೋಜಿಲ್ಲ. ಅದರ ನೋಡ್‌ಚೇಂಜಿಂಗ್ ಈವೆಂಟ್ ಓಲ್ಡ್‌ವ್ಯಾಲ್ಯೂ, ನ್ಯೂವ್ಯಾಲ್ಯೂ ಎರಡನ್ನೂ ಕೈಗೆ ಕೊಡುತ್ತದೆ. ಗುಮಾಸ್ತರು ಒಂದು ಸೊನ್ನೆ ಜಾಸ್ತಿ ಒತ್ತಿದರೆ ಅಲ್ಲೇ ಎಕ್ಸೆಪ್ಷನ್ (ಕೆಲಸ ನಿಲ್ಲಿಸುವ ದೋಷ ಸೂಚನೆ) ಎಸೆಯಬಹುದು, ಹಳೆಯ ದರ ಹಾಗೇ ಉಳಿಯುತ್ತದೆ.