ಹನ್ನೆರಡೇ ಮಾರ್ಕರಲ್ಲಿ ಮುಯ್ಯಿ ಕವರ್: ನನ್ನ ಅನುಭವ

ಆಲ್ಕೋಹಾಲ್ ಮಾರ್ಕರ್ (ಆಲ್ಕೋಹಾಲಲ್ಲಿ ಕರಗಿಸಿದ ಇಂಕಿನ ಬಣ್ಣದ ಪೆನ್ನು) ಅಂದ್ರೆ ಜಪಾನಿನ ದುಬಾರಿ ಬ್ರ್ಯಾಂಡ್ ಕಾಪಿಕ್ಕೇ, ಬೇರೆದ್ರಲ್ಲಿ ಬ್ಲೆಂಡ್ ಆಗೋದೇ ಇಲ್ಲ, ಅಂದ್ರೆ ಒಂದು ಬಣ್ಣ ಇನ್ನೊಂದ್ರಲ್ಲಿ ಗೆರೆ ಕಾಣದ ಹಾಗೆ ಬೆರೆಯಲ್ಲ, ಸುಮ್ನೆ ನೀರಲ್ಲಿ ಹೋಮ ಮಾಡ್ಬೇಡಿ ಅಂತ ನಂಗೆ ಹೇಳ್ದವ್ರು ಒಬ್ರಲ್ಲ ಇಬ್ರಲ್ಲ. ಬೆಂಗಳೂರಲ್ಲಿ ಕಾರ್ಡ್ ಮೇಕಿಂಗ್ ಕ್ಲಾಸ್ ಮಾಡೋ ಒಬ್ರು ಮೇಡಂ ಅಂತೂ ನನ್ನ ಅಗ್ಗದ ಮಾರ್ಕರ್ ಡಬ್ಬಿ ನೋಡಿ ನಕ್ಕೇಬಿಟ್ರು. ಅವ್ರೇ ಹೋದ ಮದುವೆ ಸೀಸನ್‌ನಲ್ಲಿ ನಾನು ಮಾಡಿ ಮಾರೋ ಮಾವಿನೆಲೆ ತೋರಣದ ಮುಯ್ಯಿ ಕವರ್ ಎಲ್ಲೋ ನೋಡಿ, ಇದು ಯಾವ ಮಾರ್ಕರು ರೀ ಅಂತ ಮೆಸೇಜ್ ಮಾಡಿದ್ರು. ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ. ಚಿಸೆಲ್ ಟಿಪ್ (ಉಳಿ ಥರ ಓರೆಯಾದ ಅಗಲ ತುದಿ) ಅಂದ್ರೇನು, ಬ್ರಷ್ ಟಿಪ್ (ಕುಂಚದ ಥರ ಮೆತ್ತಗಿನ ತುದಿ) ಅಂದ್ರೇನು, ಮಾರ್ಕರ್ ಯಾಕೆ ಅಡ್ಡ ಮಲಗಿಸಿ ಇಡ್ಬೇಕು ಇದೆಲ್ಲ ನಿಮಗೆ ಗೊತ್ತಿರತ್ತೆ, ಅದನ್ನ ಬಿಟ್ಟೆ.

ಮೊದ್ಲು ದುಡ್ಡು ಎಲ್ಲೆಲ್ಲಿ ಹೋಯ್ತು ಅನ್ನೋದು. ಆನ್‌ಲೈನ್‌ನಲ್ಲಿ 80 ಕಲರಿನ ಸೆಟ್, ₹1,500 ಚಿಲ್ರೆ ಇರ್ಬೇಕು, ಜಿಪ್ ಇರೋ ಬ್ಯಾಗು, ಸ್ಟ್ಯಾಂಡು ಎಲ್ಲ ಕೊಟ್ಟು ಕಳ್ಸಿದ್ರು. ಕ್ಯಾಪ್ ಮೇಲಿರೋ ಬಣ್ಣಕ್ಕೂ ಪೇಪರ್ ಮೇಲೆ ಬರೋ ಬಣ್ಣಕ್ಕೂ ಸಂಬಂಧನೇ ಇಲ್ಲ. ಹಸಿರೇ ಹನ್ನೆರಡು ಹದಿಮೂರು ಇತ್ತು, ಅದರಲ್ಲಿ ಆರು ಒಂದೇ ಥರ. ತಿಳಿ ಬಣ್ಣ ಅನ್ನೋದು ಮೂರೋ ನಾಲ್ಕೋ ಅಷ್ಟೆ, ಉಳಿದಿದ್ದೆಲ್ಲ ಕಣ್ಣಿಗೆ ಹೊಡೆಯೋ ಹಾಗೆ ಗಾಢ. ತಿಳಿ ಬಣ್ಣ ಇಲ್ದೆ ಬ್ಲೆಂಡಿಂಗ್ ಎಲ್ಲಿಂದ ಬರ್ಬೇಕು? ಆಮೇಲೆ ಬ್ರಷ್ ಟಿಪ್ ಇರೋ ಇನ್ನೊಂದು ಸೆಟ್ಟು, ಅದು ಸುಮಾರು ₹2,500, ಮೂರು ತಿಂಗಳಲ್ಲಿ ಅದರ ಬ್ರಷ್ ಪೊರಕೆ ಥರ ಆಯ್ತು. ನಮ್ಮತ್ತಿಗೆ, "ಇದೇ ದುಡ್ಡಲ್ಲಿ ಒಂದು ಒಳ್ಳೇ ಕಾಟನ್ ಸೀರೆ ಬರ್ತಿತ್ತಲ್ಲೇ" ಅಂದ್ರು, ಉತ್ತರ ಕೊಡಕ್ಕೆ ನನ್ನ ಹತ್ರ ಏನೂ ಇರ್ಲಿಲ್ಲ.

ಕಾಪಿಕ್ಕನ್ನೂ ತಗೊಂಡೆ, ಇಲ್ಲ ಅನ್ನಲ್ಲ. ಬಿಡಿಯಾಗಿ, ವೈಜಿ 61, 63, 67 ಈ ಮೂರು ಹಸಿರು, ಮತ್ತೆ 0 ಅಂತ ಬರತ್ತಲ್ಲ ಕಲರ್‌ಲೆಸ್ ಬ್ಲೆಂಡರ್ (ಬಣ್ಣ ಇಲ್ಲದ, ಬೆರೆಸೋಕೆ ಅಂತ ಇರೋ ಮಾರ್ಕರ್), ಅದು. ಒಂದೊಂದಕ್ಕೆ ₹400ರಿಂದ 500ರ ಒಳಗೆ ಬಿತ್ತು ಅಂತ ನೆನಪು. ದುಬಾರಿನೇ, ಆದ್ರೆ ಆ ನಂಬರ್ ಪದ್ಧತಿ ನೋಡೇ ನಂಗೆ ತಲೆ ಓಡಿದ್ದು. ಅಕ್ಷರ ಬಣ್ಣದ ಜಾತಿ, ಮೊದಲ್ನೇ ಅಂಕಿ ಒಂದೇ ಅಂದ್ರೆ ಒಂದೇ ಮನೆಯವು, ಕೊನೇ ಅಂಕಿ ಜಾಸ್ತಿ ಆದಷ್ಟೂ ಗಾಢ. 61, 63, 67 ಅಂದ್ರೆ ಒಂದೇ ಹಸಿರಿನ ಮೂರು ಮೆಟ್ಟಿಲು. ಜಪಾನಿನ ಈ ಕಂಪನಿ 1987ರಿಂದ ಇದನ್ನೇ ಮಾಡ್ಕೊಂಡು ಬಂದಿದೆ, ಈಗ 358 ಬಣ್ಣ. ನಮಗ್ಯಾಕೆ 358? ಬೇಕಿರೋದು ಮೆಟ್ಟಿಲು.

ಸರಿ ಅಂತ ಮನೇಲಿ ಬಿದ್ದಿದ್ದ ಅಷ್ಟೂ ಮಾರ್ಕರ್ ಹರಡಿ, ಒಂದೊಂದನ್ನೂ ಒಂದೇ ಪೇಪರ್ ಮೇಲೆ ಹಚ್ಚಿ, ಒಣಗಕ್ಕೆ ಬಿಟ್ಟು (ಹಸಿಯಾಗಿದ್ದಾಗ ನೋಡ್ಬೇಡಿ, ಒಣಗಿದ್ಮೇಲೆ ಬಣ್ಣ ತಿಳಿಯಾಗತ್ತೆ), ಕತ್ತರಿಸಿ, ಇಸ್ಪೀಟ್ ಎಲೆ ಜೋಡಿಸಿದ ಹಾಗೆ ಜಾತಿ ಪ್ರಕಾರ ಜೋಡ್ಸಿದೆ. ಎರಡೂ ಸೆಟ್ ಸೇರಿ ನಾಲ್ಕೇ ನಾಲ್ಕು ಮನೆ ಸಿಕ್ತು. ಮಾವಿನೆಲೆಗೆ ಹಸಿರು, ಕನಕಾಂಬರಕ್ಕೆ ಕಿತ್ತಳೆ, ತಾವರೆಗೆ ಗುಲಾಬಿ, ಕಲಶಕ್ಕೆ ಹಳದಿಯಿಂದ ಕಂದು. ಮನೆಗೆ ಮೂರರ ಹಾಗೆ ಹನ್ನೆರಡು. ಕ್ಯಾಪಿಗೆ ಟೇಪ್ ಸುತ್ತಿ ಕಾಪಿಕ್ ಥರದ್ದೇ ನನ್ನ ನಂಬರ್ ಬರ್ದೆ. ಇವತ್ತಿಗೂ ನನ್ನ ವ್ಯಾಪಾರ ನಡೀತಿರೋದು ಆ ಹನ್ನೆರಡರ ಮೇಲೇನೆ, ಮುಗಿದದ್ದನ್ನ ಬಿಡಿಯಾಗಿ ಸಿಗೋ ಬ್ರ್ಯಾಂಡಲ್ಲಿ ಹೊಂದಿಸ್ಕೊಂಡಿದೀನಿ. ಮಲ್ಲಿಗೆಗೆ ಬೇರೆ ಬಣ್ಣ ಬೇಡ, ಬಿಳಿ ಪೇಪರ್ ಹಾಗೇ ಬಿಟ್ಟು ಬುಡಕ್ಕೆ ಅತಿ ತಿಳಿ ಹಸಿರು ಒಂದೇ ಒಂದು ಚುಕ್ಕೆ. ಹಳದಿಗೆ ಮಾತ್ರ ನೆರಳು ಅಂತ ಬೂದು ಹಚ್ಬೇಡಿ, ಪಾಚಿ ಹಿಡಿದ ಹಾಗೆ ಹಸಿರು ತಿರುಗತ್ತೆ. ಕಿತ್ತಳೆ ಇಲ್ಲಾ ಕಂದು ಹಾಕಿ.

ಆದ್ರೂ ಮನೆಮನೆಗೂ ತಿಳಿ ಬಣ್ಣದ ಕೊರತೆ ಇದ್ದೇ ಇತ್ತು. ಇಲ್ಲೇ ನನ್ನ ಗುಟ್ಟು. ಒಣಗಿ ಬರ್ತಿರೋ ಮಾರ್ಕರ್ ಎಸೀಬೇಡಿ. ಟ್ವೀಜರಲ್ಲಿ ಚಿಸೆಲ್ ನಿಬ್ ಎಳೆದು, ಸಿರಿಂಜಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ (ಐಪಿಎ) ಹನಿ ಹನಿ ಬಿಟ್ಟು, ನಿಬ್ ವಾಪಸ್ ಕೂರಿಸಿ, ಕ್ಯಾಪ್ ಹಾಕಿ ರಾತ್ರಿಯೆಲ್ಲ ಅಡ್ಡ ಮಲಗಿಸಿ. ಬೆಳಗ್ಗೆ ಅದೇ ಬಣ್ಣದ ತಿಳಿ ತಂಗಿ ರೆಡಿ. ಅಂಗಡೀಲಿ ಎಲ್ಲೂ ಸಿಗದ ಶೇಡು, ಅದೂ ತನ್ನ ಮನೆ ಬಣ್ಣಕ್ಕೆ ಸರಿಯಾಗಿ ಹೊಂದೋ ಶೇಡು. ಎಷ್ಟು ಹನಿ ಅಂತ ಕೇಳ್ಬೇಡಿ, ಅದು ನನ್ನ ಹೊಟ್ಟೆಪಾಡು. ಅರ್ಧ ಖಾಲಿಯಾದ್ದಕ್ಕೆ ಮಾಡ್ಬೇಡಿ, ಪೂರ್ತಿ ಒಣಗಿದ್ದಕ್ಕೂ ಬೇಡ, ಗೀಚಿದ್ರೆ ಗೆರೆ ಗೆರೆಯಾಗಿ ಬಿಳಿ ಬಿಡೋ ಹಂತ ಇರತ್ತಲ್ಲ, ಅಲ್ಲಿ. ಇಷ್ಟು ಹೇಳಿದ್ದೇ ಜಾಸ್ತಿ.

ಮೆಡಿಕಲ್ ಶಾಪಲ್ಲಿ ಸಿಗೋ 70 ಪರ್ಸೆಂಟಿನದು ಆಗಲ್ಲ, ಅದ್ರಲ್ಲಿ ನೀರಿರತ್ತೆ, ಎಲೆ ಅಂಚೆಲ್ಲ ಕೂದಲು ಬಿಟ್ಕೊಳ್ತು. ಸ್ಯಾನಿಟೈಸರ್ ಅಂತೂ ಅಂಟು ಅಂಟು. ಬೆಂಗಳೂರು ಎಸ್.ಪಿ. ರೋಡಲ್ಲಿ ಎಲೆಕ್ಟ್ರಾನಿಕ್ಸ್‌ನವ್ರು ಸರ್ಕ್ಯೂಟ್ ಬೋರ್ಡ್ ಒರೆಸಕ್ಕೆ ತಗೊಳ್ಳೋ 99 ಪರ್ಸೆಂಟಿನದು ಸಿಗತ್ತೆ, ಅರ್ಧ ಲೀಟರ್ ತಂದ್ರೆ ವರ್ಷಗಟ್ಲೆ ಬರತ್ತೆ. ದೇವರ ಮನೆ ದೀಪ, ಗ್ಯಾಸ್ ಒಲೆ ಹತ್ರ ಮಾತ್ರ ಬೇಡ, ಅದರ ಆವಿಗೂ ಬೆಂಕಿ ಹತ್ತತ್ತೆ. ಕಿಟಕಿ ತೆಗೆದಿಟ್ಟು ಮಾಡಿ.

ಈಗ ಪೇಪರು. ನಿಜ ಹೇಳ್ಬೇಕಂದ್ರೆ ಮಾರ್ಕರ್‌ಗಿಂತ ಜಾಸ್ತಿ ನಾನು ಒದ್ದಾಡಿದ್ದು ಪೇಪರಿಗೆ, ಮತ್ತೆ ಮಾರ್ಕರಿಗೆ ಅಂತ ಬೈಸ್ಕೊಳ್ಳೋ ಮುಕ್ಕಾಲು ಪಾಲು ದೋಷ ಪೇಪರಿಂದು. ಜೆರಾಕ್ಸ್ ಪೇಪರ್ 75 ಜಿಎಸ್‌ಎಂ (ಪೇಪರಿನ ತೂಕದ ಅಳತೆ, ಜಾಸ್ತಿ ಆದಷ್ಟೂ ದಪ್ಪ), ಇಂಕ್ ಆರ್‌ಪಾರ್ ಇಳಿಯತ್ತೆ. ಕಾರ್ಟ್ರಿಡ್ಜ್ ಪೇಪರ್ (ಡ್ರಾಯಿಂಗ್ ಪೇಪರ್) ಇಂಕ್ ಕುಡಿಯತ್ತೆ, ಎಷ್ಟು ಕೊಟ್ರೂ ಸಾಲಲ್ಲ. ಹ್ಯಾಂಡ್‌ಮೇಡ್ ಪೇಪರ್ ಅದರಪ್ಪ. ಆರ್ಟ್ ಕಾರ್ಡ್ ಹೊಳೆಯತ್ತೆ ಅಂತ ತಂದ್ರೆ ಇಂಕ್ ಒಳಗೆ ಹೋಗಲ್ಲ, ಮೇಲೇ ಜಾರಾಡತ್ತೆ, ಎರಡನೇ ಬಣ್ಣ ಹಚ್ಚಿದ ಕೂಡ್ಲೇ ಮೊದಲ್ನೇದು ಎದ್ದು ಬರತ್ತೆ. ಅಮೆರಿಕದ ಕಾರ್ಡ್‌ಸ್ಟಾಕ್ ಎಲ್ರೂ ಹೊಗಳ್ತಾರಲ್ಲ ನೀನಾ ಸೋಲಾರ್ ವೈಟು, ಅಕ್ಕನ ಮಗಳು ಬರೋವಾಗ ಒಂದು ಪ್ಯಾಕೆಟ್ ತಂದುಕೊಟ್ಲು, ಅದ್ರ ಮೇಲೆ ಬೆಣ್ಣೆ ಹಾಗೆ ಬ್ಲೆಂಡ್ ಆಯ್ತು. ಅದೇ ಹಳೇ ಸೆಟ್ಟಿನ ಮಾರ್ಕರು! ಆವತ್ತೇ ಗೊತ್ತಾಗಿದ್ದು ಎಲ್ಲಿ ಹುಡುಕ್ಬೇಕು ಅಂತ.

ಶಿವಮೊಗ್ಗದಿಂದ ಬೆಂಗಳೂರಿಗೆ ಹೋದಾಗೆಲ್ಲ ಸುಲ್ತಾನ್‌ಪೇಟೆ ಒಂದು ಸುತ್ತು ಹಾಕ್ತೀನಿ. ಲಗ್ನಪತ್ರಿಕೆ, ಪೇಪರು, ಬೋರ್ಡು ಎಲ್ಲ ಅಲ್ಲೇ ಅಲ್ವಾ. ಬ್ಯಾಗಲ್ಲಿ ಎರಡು ಮಾರ್ಕರ್ ಇಟ್ಕೊಂಡೇ ಹೋಗೋದು. ಐವರಿ ಕಾರ್ಡ್ (ನಯವಾದ ದಪ್ಪ ಬಿಳಿ ಕಾರ್ಡ್) ಅಂತ ಕೇಳಿದ್ರೆ ಒಂದೊಂದು ಅಂಗಡೀಲಿ ಒಂದೊಂದು ಕೊಡ್ತಾರೆ, ಹೆಸರು ನಂಬ್ಬೇಡಿ. ಒಂದು ತುಂಡು ಕೇಳಿ ಇಸ್ಕೊಂಡು, ಗಾಢ ಬಣ್ಣದ ಮಾರ್ಕರ್ ತುದಿ ಒತ್ತಿ ಹಿಡಿದು ಹತ್ತು ಎಣಿಸಿ. ಚುಕ್ಕೆ ಗುಂಡಗೆ ನಿಧಾನವಾಗಿ ದೊಡ್ಡದಾಗ್ಬೇಕು. ಅಂಚಲ್ಲಿ ಬೇರು ಬಿಟ್ರೆ ಬೇಡ, ದೊಡ್ಡದೇ ಆಗ್ದೆ ಮೇಲೆ ಮಿಣಮಿಣ ಅಂದ್ರೂ ಬೇಡ. ಹಿಂದುಗಡೆ ಬಣ್ಣ ಕಾಣಿಸ್ಬೇಕು, ಕಾಣಿಸಿದ್ರೆ ಗಾಬರಿ ಬೇಡ, ಇಂಕ್ ಪೂರ್ತಿ ಇಳಿದಿದೆ ಅಂತ ಅರ್ಥ, ಹಾಗೆ ಇಳಿದ್ರೇನೇ ಬ್ಲೆಂಡ್ ಆಗೋದು. ಅಂಗಡಿಯವ್ರು ಒಬ್ರು, "ಏನ್ ಮೇಡಂ, ಪೇಪರಿಗೆ ಇಂಜೆಕ್ಷನ್ ಕೊಡ್ತಿದೀರಾ" ಅಂದ್ರು, ಈಗ ಅವ್ರೇ ಹೊಸ ಸ್ಟಾಕ್ ಬಂದ್ರೆ ಫೋನ್ ಮಾಡ್ತಾರೆ. ನಂಗೆ ಒಗ್ಗಿದ್ದು 250 ಜಿಎಸ್‌ಎಂ ಆಸುಪಾಸಿಂದು, ದೊಡ್ಡ ಶೀಟ್ ತಗೊಂಡು ಅಲ್ಲೇ ಎ4ಗೆ ಕಟಿಂಗ್ ಮಾಡಿಸಿದ್ರೆ ಎ4 ಒಂದಕ್ಕೆ ₹4-5 ಬೀಳತ್ತೆ. ಯಾವ ಮಿಲ್ಲಿಂದು ಅಂತ ಹೇಳಲ್ಲ, ನೀವೂ ಸ್ವಲ್ಪ ಸುಲ್ತಾನ್‌ಪೇಟೆ ಬಿಸಿಲು ಕುಡೀರಿ.

ಬ್ಲೆಂಡಿಂಗ್ ಎಲ್ರೂ ಮಾಡೋ ಹಾಗೇ, ತಿಳಿ, ಗಾಢ, ಮಧ್ಯದ್ದು, ಮತ್ತೆ ತಿಳಿ. ನಾನು ಬದಲಾಯಿಸಿದ್ದು ಎರಡೇ. ಒಂದು, ಫ್ಯಾನ್ ಆಫ್. ಇದನ್ನ ಯಾರೂ ಹೇಳಿರ್ಲಿಲ್ಲ ನಂಗೆ! ಏಪ್ರಿಲ್ ಮಧ್ಯಾಹ್ನ ತಲೆ ಮೇಲೆ ಫ್ಯಾನ್ ಗಿರಗಿರ ತಿರುಗ್ತಿದ್ರೆ ಎರಡನೇ ಮಾರ್ಕರ್ ಕ್ಯಾಪ್ ತೆಗೆಯೋಷ್ಟ್ರಲ್ಲಿ ಮೊದಲ್ನೇದು ಒಣಗಿ ಗೆರೆ ಕೂತಿರತ್ತೆ. ಬೆವರು ಒರೆಸ್ಕೊಂಡು ಮಾಡಿ ಇಲ್ಲಾ ಬೆಳಗ್ಗೆ ಐದೂವರೆಗೆ ಕೂತ್ಕೊಳ್ಳಿ. ಎರಡು, ಡಿಸೈನು. ಅಗ್ಗದ ಮಾರ್ಕರಲ್ಲಿ ದೊಡ್ಡ ಜಾಗ ತುಂಬಕ್ಕೆ ಹೋದ್ರೆ ಪಟ್ಟೆ ಬರೋದು ಗ್ಯಾರಂಟಿ, ಆ ಕಡೆ ಮುಟ್ಟೋಷ್ಟ್ರಲ್ಲಿ ಈ ಕಡೆ ಒಣಗಿರತ್ತೆ. ಹಾಗಾಗಿ ನನ್ನ ಡಿಸೈನಲ್ಲಿ 5 ರೂಪಾಯಿ ನಾಣ್ಯಕ್ಕಿಂತ ದೊಡ್ಡ ಜಾಗವೇ ಇಲ್ಲ. ಮಾವಿನೆಲೆ ಸಣ್ಣದು, ನಡುವೆ ನರ ಇರೋದ್ರಿಂದ ಅದೂ ಎರಡು ಭಾಗ. ತಾವರೆ ಒಂದೊಂದೇ ಎಸಳು. ಕಲಶಕ್ಕೆ ಅಡ್ಡಗೆರೆ ಹಾಕಿ ಮೂರು ಪಟ್ಟಿ ಮಾಡಿದೀನಿ. ಕಾಪಿಕ್ಕಿಗೂ ಇದಕ್ಕೂ ವ್ಯತ್ಯಾಸ ಕಾಣೋದು ದೊಡ್ಡ ಜಾಗದಲ್ಲಿ, ಆ ದೊಡ್ಡ ಜಾಗವನ್ನೇ ತೆಗೆದ್ರೆ ಹಿಡೀರಿ ನೋಡೋಣ ಯಾರು ಹಿಡೀತೀರೋ. ಆ ಮೇಡಂ ಹಿಡೀಲಿಲ್ಲ.

ಬುಲೆಟ್ ತುದಿ (ಸಣ್ಣ ಗುಂಡು ತುದಿ) ಮಾತ್ರ ಒತ್ತಿ ಉಜ್ಜಬೇಡಿ, ಪೇಪರಿನ ನಾರು ಏಳತ್ತೆ. ಚಿಸೆಲ್ ತುದೀನ ಮಲಗಿಸಿ ಹಚ್ಚಿ. ಹಳದಿ ತುದಿ ಕೊಳೆ ಆದ್ರೆ ರದ್ದಿ ಮೇಲೆ ಗೀಚ್ತಾ ಹೋಗಿ, ತಾನೇ ತೊಳ್ಕೊಳತ್ತೆ.

ಔಟ್‌ಲೈನ್ ವಿಷ್ಯ ಬೇರೆ ತಲೆನೋವು. ಲೇಸರ್ ಪ್ರಿಂಟ್ ತೆಗೆಸಿ ಬಣ್ಣ ಹಚ್ಚಿದ್ರೆ ಟೋನರ್ (ಪ್ರಿಂಟರಿನ ಕಪ್ಪು ಪುಡಿ) ಕರಗಿ ತಾವರೆಗೆಲ್ಲ ಮಸಿ. ಕಾಪಿಕ್ ಇಂಕು ಟೋನರ್ ಕರಗಿಸ್ದೆ ಇರೋ ಹಾಗೇ ಮಾಡಿರೋದು, ನನ್ನ ಸೆಟ್ಟಿನವಕ್ಕೆ ಆ ಸಂಸ್ಕಾರ ಇಲ್ಲ. ಪ್ರಿಂಟ್ ಮೇಲೆ ಬಟರ್ ಪೇಪರ್ ಇಟ್ಟು ಇಸ್ತ್ರಿ ಮಾಡಿ ನೋಡ್ದೆ, ಸುಮಾರಾಗಿ ಪರವಾಗಿಲ್ಲ, ಆದ್ರೆ ನಂಬಕ್ಕಾಗಲ್ಲ. ರಬ್ಬರ್ ಸ್ಟ್ಯಾಂಪ್ ಮಾಡಿಸಿ ಸ್ಟೇಜ಼್‌ಆನ್ ಇಂಕಲ್ಲಿ ಒತ್ತಿದೆ, ಅದೂ ಮಾರ್ಕರ್ ಥರ ಸಾಲ್ವೆಂಟ್ ಇಂಕೇ, ಕರಗದೆ ಇನ್ನೇನು. ಕೊನೆಗೆ ಮೆಮೆಂಟೊ ಟಕ್ಸೀಡೊ ಬ್ಲ್ಯಾಕ್ ಅನ್ನೋ ಸ್ಟ್ಯಾಂಪ್ ಇಂಕ್ ಪ್ಯಾಡ್ ತರಿಸಿದೆ, ಒತ್ತಿ ಐದು ನಿಮಿಷ ಬಿಟ್ರೆ ಜಪ್ಪಯ್ಯ ಅಂದ್ರೂ ಕದಲಲ್ಲ. ಒಂದು ಎ4ನಲ್ಲಿ ಇಪ್ಪತ್ತು ಇಪ್ಪತ್ತೈದು ಮೋಟಿಫ್ ಒತ್ತಿ, ಒಂದು ಮನೆ ಮಾರ್ಕರ್ ಕೈಗೆ ತಗೊಂಡ್ರೆ ಅಷ್ಟೂ ಎಲೆ ಮುಗಿಸಿ, ಆಮೇಲೆ ಇನ್ನೊಂದು ಮನೆ. ಕತ್ತರಿಸಿ ಫೋಮ್ ಟೇಪಲ್ಲಿ ಕವರ್ ಮೇಲೆ ಅಂಟ್ಸೋದು. ಕವರ್ ಮೇಲೇ ನೇರ ಬಣ್ಣ ಹಚ್ಚಿದ್ರೆ ಒಳಗೆ ಇಳಿದು ನೋಟಿಗೂ ಮೆತ್ಕೊಳತ್ತೆ, ಮುಯ್ಯಿ ಕೊಟ್ಟೋರು ನಿಮ್ಮನ್ನ ಹುಡುಕ್ಕೊಂಡು ಬರ್ತಾರೆ.

ನಮ್ಮ ಕಡೆ ಜೂನ್ ಬಂತು ಅಂದ್ರೆ ಪೇಪರ್ ಥಂಡಿ ಹಿಡಿಯತ್ತೆ, ಬೇಸಿಗೆಯಲ್ಲಿ ಪಾಸಾದ ಅದೇ ಐವರಿ ಮಳೆಗಾಲದಲ್ಲಿ ಬೇರು ಬಿಡತ್ತೆ. ಟ್ರಂಕಲ್ಲಿ ಸಿಲಿಕಾ ಪೊಟ್ಟಣ ಹಾಕಿ ಇಡ್ತೀನಿ, ಬಳಸೋ ಮುಂಚೆ ಇಸ್ತ್ರಿ ಪೆಟ್ಟಿಗೆ ಒಂದ್ಸಲ ಆಡಿಸ್ತೀನಿ. ಬಣ್ಣ ಉಳಿಯೋ ವಿಷ್ಯಕ್ಕೆ ಬಂದ್ರೆ ಇದು ಡೈ ಇಂಕು, ಬಿಸಿಲು ಕಂಡ್ರೆ ಮಾಸತ್ತೆ, ಕಾಪಿಕ್ಕಾದ್ರೂ ಅಷ್ಟೇ. ಒಬ್ರು ಬಾಗಿಲಿಗೆ ಹಾಕೋ ನೇಮ್‌ಪ್ಲೇಟ್ ಮಾಡ್ಕೊಡಿ ಅಂದ್ರು, ಗುಲಾಬಿ ಆರು ತಿಂಗಳಿಗೆ ಹೊರಟೇಹೋಯ್ತು. ಈಗ ಆ ಆರ್ಡರ್ ತಗೊಳಲ್ಲ. ಮುಯ್ಯಿ ಕವರಿಗೆ ಆ ಚಿಂತೆ ಇಲ್ಲ, ಅದರ ಆಯಸ್ಸು ಒಂದು ರಿಸೆಪ್ಷನ್.

ಲೆಕ್ಕ ಹೇಳ್ಬಿಡ್ತೀನಿ. ಮೆಟಾಲಿಕ್ ಪೇಪರಿನ ಕವರ್ ₹6-7, ಕಾರ್ಡು ಟೇಪು ರಿಬ್ಬನ್ ₹6ರ ಸುಮಾರು, ಇಂಕ್ ರೂಪಾಯಿ ಒಂದೂವರೆ ಅಂದ್ಕೊಳ್ಳಿ, ಎಲ್ಲ ಸೇರಿ ₹15 ದಾಟಲ್ಲ. ಬಿಡಿಗೆ ₹50, ಹತ್ತರ ಪ್ಯಾಕ್ ₹400. ಸೀಸನ್‌ನಲ್ಲಿ ಒಂದೇ ಮದುವೆ ಮನೆಯವ್ರು ಇನ್ನೂರರ ಹತ್ರ ತಗೊಂಡ್ರು, ರಿಟರ್ನ್ ಗಿಫ್ಟ್ ಟ್ಯಾಗೂ ಸೇರಿಸಿ. ಹಳೇ ಸೆಟ್ಟುಗಳ ದುಡ್ಡು ಅವತ್ತೇ ವಾಪಸ್ ಬಂತು, ಕಾಟನ್ ಸೀರೆ ಅತ್ತಿಗೆಗೇ ಕೊಡ್ಸಿದೆ. ಕೂಲಿ ಹಾಕ್ಕೊಂಡ್ರೆ ಮಾತ್ರ ಲೆಕ್ಕ ಕೆಡತ್ತೆ, ಒಂದು ಕವರಿಗೆ ಈಗ್ಲೂ ಹತ್ತು ಹನ್ನೆರಡು ನಿಮಿಷ ಬೇಕು.

ಇದರ ಮಧ್ಯೆ ಒಂದೆರಡು ಹುಚ್ಚಾಟ. ಟ್ರೇಸಿಂಗ್ ಪೇಪರಿನ ಮುಂದೆ ಗೆರೆ ಬರ್ದು ಹಿಂದಿನಿಂದ ಬಣ್ಣ ಹಚ್ಚಿದ್ರೆ ಮಂಜು ಮುಸುಕಿದ ಹಾಗೆ ಬರತ್ತೆ, ಸೀಮಂತದ ಕಾರ್ಡಿಗೆ ಚೆನ್ನಾಗಿರತ್ತೆ, ಆದ್ರೆ ಅಂಟಿಸಿದ ಜಾಗ ಕಾಣ್ಸೋದು ತಪ್ಸಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಎರಡು ಬಣ್ಣ ಗೀಚಿ ಐಪಿಎ ಹನಿ ಹಾಕಿದ್ರೆ ನವಿಲುಗರಿ ಥರ ಹರಡತ್ತೆ, ನೋಡಕ್ಕೆ ಚಂದ, ಉಗುರು ತಾಗಿದ್ರೆ ಕಿತ್ತು ಬರತ್ತೆ. ಉಪಯೋಗಕ್ಕೆ ಬಂದಿದ್ದು ಅಂದ್ರೆ ಬಿಳಿ ಸ್ಯಾಟಿನ್ ರಿಬ್ಬನ್ ಒಂದೇ ರೋಲ್ ತಂದಿಟ್ಟು ಬೇಕಾದ ಬಣ್ಣದ ಮಾರ್ಕರ್ ಎಳ್ದುಬಿಡೋದು, ತಾವರೆ ಎಸಳಿಗೂ ರಿಬ್ಬನ್ನಿಗೂ ಒಂದೇ ಗುಲಾಬಿ. ಬಿಳಿ ಹಾಫ್ ಪರ್ಲ್ ಸ್ಟಿಕ್ಕರಿಗೂ ಹಾಗೇ. ಬಣ್ಣ ಬಣ್ಣದ ಪರ್ಲ್ ಶೀಟ್ ಕೊಳ್ಳೋದನ್ನೇ ನಿಲ್ಲಿಸಿದೀನಿ. ಹಚ್ಚಿದ ಮೇಲೆ ಅರ್ಧ ಗಂಟೆ ಮುಟ್ಬೇಡಿ, ಬೆರಳಿಗೆ ಬರತ್ತೆ.