ಮಗು ಏನೋ ನುಂಗಿಬಿಟ್ಟರೆ: ಮಾಡಬೇಕಾದ್ದು, ಮಾಡಲೇಬಾರದ್ದು

ಮಗು ಏನೋ ಬಾಯಿಗೆ ಹಾಕಿಕೊಂಡಿತು, ನುಂಗಿಯೂ ಆಯಿತು. ಆಗ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ ಥರ. ಒಬ್ಬರು ಗಂಟಲಿಗೆ ಬೆರಳು ಹಾಕುತ್ತಾರೆ. ಇನ್ನೊಬ್ಬರು ಉಪ್ಪು ನೀರು ಕುಡಿಸಿ ಅನ್ನುತ್ತಾರೆ. ಅಜ್ಜಿ ಬಾಳೆಹಣ್ಣು ಸುಲಿದು ತರುತ್ತಾರೆ. ಎಲ್ಲರಿಗೂ ಮಗು ಉಳಿಯಲಿ ಅನ್ನುವ ಆತಂಕವೇ. ಆದರೆ ಈ ಮೂರರಲ್ಲಿ ಒಂದೂ ಬೇಡ. ಎಷ್ಟೋ ಸಲ ನುಂಗಿದ ವಸ್ತುವಿಗಿಂತ ಈ ಗಡಿಬಿಡಿಯ ಉಪಚಾರವೇ ಜಾಸ್ತಿ ಹಾನಿ ಮಾಡುತ್ತದೆ. ಹಾಗಾದರೆ ಏನು ಮಾಡಬೇಕು?

ಮೊದಲು ಉಸಿರು ನೋಡಿ

ಮಗು ಜೋರಾಗಿ ಕೆಮ್ಮುತ್ತಿದೆ, ಅಳುತ್ತಿದೆ ಅಂದರೆ ಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ. ಕೆಮ್ಮಲು ಬಿಡಿ, ಪಕ್ಕದಲ್ಲೇ ಇರಿ. ದನಿಯೇ ಹೊರಡುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ಒಂದು ಕ್ಷಣವೂ ಕಾಯಬೇಡಿ.

ಒಂದು ವರ್ಷದೊಳಗಿನ ಕೂಸಾದರೆ ನಿಮ್ಮ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರಲಿ. ಅಂಗೈ ಬುಡದಿಂದ ಬೆನ್ನಿನ ಮೇಲೆ, ಎರಡು ಹೆಗಲಮೂಳೆಗಳ ನಡುವೆ, 5 ಸಲ ತಟ್ಟಿ. ಹೊರಬರಲಿಲ್ಲವೇ? ಅಂಗಾತ ತಿರುಗಿಸಿ, ಎದೆಯ ನಡುಮೂಳೆಯನ್ನು ಎರಡು ಬೆರಳಿನಿಂದ 5 ಸಲ ಒತ್ತಿ. ದೊಡ್ಡ ಮಗುವಾದರೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ 5 ಏಟು. ಆಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಜೋರಾಗಿ ಒತ್ತಿ. ವಸ್ತು ಹೊರಬರುವ ತನಕ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಆಳಕ್ಕೆ ಹೋಗುತ್ತದೆ.

ಆಮೇಲೆ ಏನು ಹೋಗಿದೆ ಅಂತ ಹುಡುಕಿ

ಉಸಿರು ಸರಿಯಿದ್ದರೆ ಒಂದು ನಿಮಿಷ ಸುತ್ತ ಕಣ್ಣಾಡಿಸಿ. ಬಾಟಲಿ, ಮಾತ್ರೆಯ ಖಾಲಿ ಹಾಳೆ, ಬಿಚ್ಚಿಬಿದ್ದ ರಿಮೋಟ್, ಏನೇ ಸಿಕ್ಕರೂ ಕವರಿಗೆ ಹಾಕಿಕೊಳ್ಳಿ. ಎಷ್ಟು ಮಾತ್ರೆ ಕಮ್ಮಿಯಾಗಿದೆ, ಎಷ್ಟು ಹೊತ್ತಾಯಿತು, ಮಗುವಿನ ತೂಕ ಎಷ್ಟು? ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಇವೇ. ಕಬ್ಬಿಣಾಂಶದ ಮಾತ್ರೆಯನ್ನೇ ತೆಗೆದುಕೊಳ್ಳಿ. ಗರ್ಭಿಣಿಯರಿಗೆ ಸರಕಾರದಿಂದ ಕೊಡುವ ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮಿಂಟ್ ಥರವೇ ಕಾಣುತ್ತದೆ. ಒಂದೊಂದರಲ್ಲೂ 60 ಮಿ.ಗ್ರಾಂ ಕಬ್ಬಿಣ. 10 ಕೆ.ಜಿ. ತೂಕದ ಮಗು ಹತ್ತು ಮಾತ್ರೆ ತಿಂದರೆ ಜೀವಕ್ಕೇ ಅಪಾಯ. ಮೊದಲು ವಾಂತಿ, ಭೇದಿ ಆಗುತ್ತದೆ. ಆಮೇಲೆ ಕೆಲವು ಗಂಟೆ ಮಗು ಚೇತರಿಸಿಕೊಂಡಂತೆ ಕಾಣಬಹುದು. ‘ಹುಷಾರಾಯ್ತು’ ಅಂತ ಮನೆಯಲ್ಲೇ ಉಳಿಯಬೇಡಿ, ಒಳಗೆ ವಿಷ ಏರುತ್ತಿರಬಹುದು.

ಬಟನ್ ಸೆಲ್ ಆದರೆ ಓಡಿ

ನಾಣ್ಯದಂತೆ ದುಂಡಗೆ, ಚಪ್ಪಟೆಯಾಗಿರುವ ಪುಟ್ಟ ಬ್ಯಾಟರಿ ಇದು. ಮನೆಯಲ್ಲಿರುವ ವಸ್ತುಗಳಲ್ಲಿ ನನಗೆ ಅತಿ ಹೆಚ್ಚು ಭಯ ಇದರದ್ದೇ. ಟಿವಿ ಪೆಟ್ಟಿಗೆಯ ಪುಟ್ಟ ರಿಮೋಟು, ಕಾರಿನ ಕೀ, ತೂಕದ ಯಂತ್ರ, ಹಬ್ಬಕ್ಕೆ ತರುವ ಎಲ್‌ಇಡಿ ದೀಪ, ಎಲ್ಲದರಲ್ಲೂ ಇದೆ. ಸೆಲ್ ಮೇಲೆ ‘ಸಿಆರ್ 2032’ ಅಂತ ಬರೆದಿದ್ದರೆ ಅದು 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಣ್ಣ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಅಷ್ಟು ಸಾಕು.

ಸೆಲ್ ಒಡೆದು ಸೋರಿದರೆ ಮಾತ್ರ ಅಪಾಯ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅನ್ನನಾಳದ ಒದ್ದೆ ಗೋಡೆ ಸೆಲ್ಲಿನ ಎರಡೂ ಮುಖಕ್ಕೆ ತಾಗುತ್ತದೆ, ಕರೆಂಟ್ ಹರಿಯುತ್ತದೆ. ನೆಗೆಟಿವ್ ಬದಿಯಲ್ಲಿ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟಿ ಮಾಂಸವನ್ನು ಕರಗಿಸುತ್ತಾ ಹೋಗುತ್ತದೆ. ಎರಡೇ ಗಂಟೆಯಲ್ಲಿ ಆಳವಾದ ಸುಟ್ಟಗಾಯ ಆಗಬಹುದು. ರಿಮೋಟ್ ನಡೆಸಲಾಗದ ‘ಸತ್ತ’ ಸೆಲ್‌ನಲ್ಲೂ ಇದಕ್ಕೆ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ.

ಕಷ್ಟ ಏನೆಂದರೆ, ಮಗು ಮೊದಮೊದಲು ಆರಾಮಾಗಿ ಆಡಿಕೊಂಡೇ ಇರಬಹುದು. ಆಮೇಲೆ ಜೊಲ್ಲು ಸುರಿಸುತ್ತದೆ, ಊಟ ಬೇಡ ಅನ್ನುತ್ತದೆ, ಕೆಮ್ಮುತ್ತದೆ. ಶೀತ ಅಂದುಕೊಂಡು ಸಿರಪ್ ಕೊಟ್ಟು ಮಲಗಿಸುತ್ತೇವೆ. ಹಾಗಾಗಿ ಸೆಲ್ ಕಾಣೆಯಾಗಿದೆ, ಮಗು ಅಲ್ಲೇ ಆಡುತ್ತಿತ್ತು ಅಂದರೆ ಲಕ್ಷಣಕ್ಕೆ ಕಾಯದೆ ಎಕ್ಸ್‌ರೇ ಮಾಡಿಸಿ. ಎಕ್ಸ್‌ರೇಯಲ್ಲಿ ನಾಣ್ಯದ ಅಂಚಿಗೆ ಒಂದೇ ಗೆರೆ, ಸೆಲ್ಲಿನ ಅಂಚಿಗೆ ಸಾಮಾನ್ಯವಾಗಿ ಎರಡು ಗೆರೆ. ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸುವ ವ್ಯವಸ್ಥೆ) ಇರುವ ಆಸ್ಪತ್ರೆಗೆ ಹೊರಡುವಾಗಲೇ ಫೋನ್ ಮಾಡಿ, ‘ಬಟನ್ ಸೆಲ್ ನುಂಗಿದೆ’ ಅಂತ ಸ್ಪಷ್ಟವಾಗಿ ಹೇಳಿ.

ದಾರಿಯಲ್ಲಿ ಕೊಡಬಹುದಾದ್ದು ಒಂದೇ, ಜೇನುತುಪ್ಪ. ಮಗುವಿಗೆ ಒಂದು ವರ್ಷ ತುಂಬಿರಬೇಕು, ನುಂಗಿ 12 ಗಂಟೆಯೊಳಗಾಗಿರಬೇಕು, ನುಂಗಲು ಕಷ್ಟ ಇರಬಾರದು. 10 ನಿಮಿಷಕ್ಕೊಮ್ಮೆ 2 ಟೀ ಚಮಚ, ಹೆಚ್ಚೆಂದರೆ 6 ಸಲ. ಅದು ಸೆಲ್ಲಿನ ಮೇಲೆ ಪದರ ಕಟ್ಟಿ ಸುಡುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಜೇನು ಹುಡುಕುತ್ತಾ ಮನೆಯಲ್ಲಿ ನಿಲ್ಲಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡವೇ ಬೇಡ.

ಸೀಮೆಎಣ್ಣೆ, ಆಸಿಡ್: ವಾಂತಿ ಮಾಡಿಸಬೇಡಿ

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಹೋದದ್ದು ಅಪಾಯ. ನೀರಿಗಿಂತ ತೆಳುವಾಗಿ ಹರಡುವ ಎಣ್ಣೆ ಅದು. ವಾಂತಿ ಮಾಡಿಸಿದರೆ ಮೇಲೆ ಬರುವಾಗ ಮತ್ತೊಮ್ಮೆ ಗಾಳಿಕೊಳವೆಗೆ ಇಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ. ಎಣ್ಣೆ ಬಿದ್ದ ಬಟ್ಟೆ ತೆಗೆದು, ಮೈಯನ್ನು ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ಚೆನ್ನಾಗೇ ಕಂಡರೂ ಸುಮಾರು 6 ಗಂಟೆ ವೈದ್ಯರ ಕಣ್ಣಳತೆಯಲ್ಲಿ ಇರಬೇಕು. ಹಳೇ ನೀರಿನ ಬಾಟಲಿಗೆ ಸೀಮೆಎಣ್ಣೆ ತುಂಬಿಡುವ ಅಭ್ಯಾಸ ಮಾತ್ರ ದಯವಿಟ್ಟು ಬಿಟ್ಟುಬಿಡಿ.

ಟಾಯ್ಲೆಟ್ ತೊಳೆಯುವ ಆಸಿಡ್ ಇಳಿಯುವಾಗ ಒಮ್ಮೆ ಸುಡುತ್ತದೆ, ವಾಂತಿ ಮಾಡಿಸಿದರೆ ಇನ್ನೊಮ್ಮೆ ಸುಡುತ್ತದೆ. ಬಾಯಿ ತೊಳೆಸಿ, ಹೊರಡಿ. ಆಸಿಡ್‌ಗೆ ಸೋಡಾ ಪುಡಿ, ಕ್ಷಾರಕ್ಕೆ ನಿಂಬೆರಸ ಅಂತ ಲೆಕ್ಕ ಹಾಕಬೇಡಿ. ಎರಡೂ ಸೇರಿ ಒಳಗೇ ಬಿಸಿ ಹುಟ್ಟುತ್ತದೆ. ಉಪ್ಪು ನೀರಂತೂ ಯಾವುದಕ್ಕೂ ಬೇಡ. ರಕ್ತದಲ್ಲಿ ಸೋಡಿಯಂ ಏರಿ ಮಕ್ಕಳು ಸತ್ತದ್ದಿದೆ.

ದೇವರಮನೆಯ ಕರ್ಪೂರವನ್ನು ಕಡೆಗಣಿಸಬೇಡಿ. ಸ್ವಲ್ಪವೇ ತಿಂದರೂ ಕೆಲವೇ ನಿಮಿಷದಲ್ಲಿ ಫಿಟ್ಸ್ ಬರಬಹುದು. ಬೀರುವಿನ ನುಸಿಗುಳಿಗೆ ತಿಂದ ಮಗುವಿಗೆ ಹಾಲು ಕುಡಿಸಬೇಡಿ, ಕೊಬ್ಬಿನ ಜೊತೆ ವಿಷ ಬೇಗ ಹೀರಿಕೊಳ್ಳುತ್ತದೆ. ಒಂದೆರಡು ದಿನ ಬಿಟ್ಟು ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ರಕ್ತಕಣ ಒಡೆಯುತ್ತಿದೆ ಅಂತ. ಆಟಿಕೆಯ ಅಯಸ್ಕಾಂತ ಎರಡು ನುಂಗಿದ್ದರೆ ಅವು ಕರುಳಿನ ಎರಡು ಸುತ್ತನ್ನು ನಡುವೆ ಹಿಡಿದು ತೂತು ಮಾಡಬಹುದು. ಅದೂ ತುರ್ತೇ.

ನಾಣ್ಯ, ಕಡಲೆಕಾಯಿ ಬೀಜ

ನಾಣ್ಯದ ಕಥೆ ಸ್ವಲ್ಪ ಸಮಾಧಾನದ್ದು. ಹೊಟ್ಟೆಗೆ ಇಳಿದ ನಾಣ್ಯ ಹೆಚ್ಚಿನ ಸಲ ತಾನಾಗಿ ಮಲದಲ್ಲಿ ಹೋಗುತ್ತದೆ. ಆದರೆ ಇಳಿದಿದೆಯೋ, ಗಂಟಲ ಕೆಳಗೆ ನಿಂತಿದೆಯೋ ಅನ್ನುವುದು ಎಕ್ಸ್‌ರೇಯಲ್ಲೇ ಗೊತ್ತಾಗುವುದು. ಬಾಳೆಹಣ್ಣು ಅದನ್ನು ತಳ್ಳುವುದಿಲ್ಲ. ಬದಲಿಗೆ ಹೊಟ್ಟೆ ತುಂಬಿದ್ದರೆ, ಸಿಕ್ಕಿಕೊಂಡ ನಾಣ್ಯ ತೆಗೆಯಲು ಅರಿವಳಿಕೆ ಕೊಡಬೇಕಾದಾಗ ವೈದ್ಯರು ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಕಡಲೆಕಾಯಿ ಬೀಜ ಬೇರೆಯೇ. ನಗುತ್ತಾ ತಿನ್ನುವಾಗ ಅದು ಅನ್ನನಾಳ ಬಿಟ್ಟು ಗಾಳಿಕೊಳವೆಗೆ ಹೋಗುತ್ತದೆ. ಒಮ್ಮೆ ಜೋರಾಗಿ ಕೆಮ್ಮಿ ಮಗು ಸುಮ್ಮನಾಗುತ್ತದೆ. ನೆತ್ತಿಗೆ ಹತ್ತಿತ್ತು, ಹೋಯ್ತು ಅಂದುಕೊಳ್ಳುತ್ತೇವೆ. ವಾರ ಕಳೆದರೂ ಕೆಮ್ಮು ಬಿಡುತ್ತಿಲ್ಲ, ಎದೆಯ ಒಂದೇ ಬದಿಯಲ್ಲಿ ಸುಂಯ್ ಶಬ್ದ ಅಂದರೆ ಆ ದಿನದ ಕೆಮ್ಮನ್ನು ವೈದ್ಯರಿಗೆ ನೆನಪಿಸಿ ಹೇಳಿ. ಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನಿಮ್ಮ ಮಾತೇ ಅವರಿಗೆ ಸುಳಿವು.

ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. 1800 116 117ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಮಗುವನ್ನು ನೋಡಿಕೊಳ್ಳುವ ಅಜ್ಜಿಯ ಫೋನಿನಲ್ಲೂ.