ಎಂಜಿನ್ ಬದಲಿಸಿದ ಹಳೇ ಲಾರೀಲಿ ಕ್ಲಚ್ ಬಿಡ್ತಿಲ್ವಾ? ಗೇರ್‌ಬಾಕ್ಸ್ ಇಳಿಸೋ ಮುಂಚೆ ಇಷ್ಟು ನೋಡಿ

ಮಂಡ್ಯ ಕಡೆ ಹಳೇ ಪೆಟ್ರೋಲ್ ಲಾರಿಗೆ ಡೀಸೆಲ್ ಎಂಜಿನ್ ಕೂರಿಸಿ ಕಬ್ಬು ಹೊಡ್ದವ್ರು ಎಷ್ಟೋ ಜನ. ನಮ್ಮನೇದೂ ಅಂಥದ್ದೇ ಒಂದು. ಎಂಜಿನ್ ಕೂರಿಸಿದ್ವಿ, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು, ಆದ್ರೆ ಕ್ಲಚ್ ಪೂರ್ತಿ ತುಳಿದ್ರೂ ಗೇರ್ ಕರಕರ ಅಂತಿತ್ತು. ಕ್ಲಚ್ ಪ್ಲೇಟೇ ಹೋಗಿದೆ ಅಂತ ಗೇರ್‌ಬಾಕ್ಸ್ ಇಳಿಸಿ ಎರಡು ದಿನ ಒದ್ದಾಡಿದ್ವಿ, ನೋಡಿದ್ರೆ ತಪ್ಪು ಪೆಡಲ್‌ನಿಂದ ಕ್ಲಚ್‌ಗೆ ಹೋಗೋ ಹೊರಗಡೆ ರಾಡಲ್ಲಿತ್ತು. ಅದ್ಕೇ ಹೇಳ್ತಿರೋದು, ಹೊರಗಿಂದ ಒಳಗೆ ಹೋಗಿ.

ಮೊದಲು ಕ್ಲಚ್ ನಿಜವಾಗ್ಲೂ ಬಿಡ್ತಿಲ್ವಾ, ಅಂದ್ರೆ ಪೆಡಲ್ ತುಳಿದಾಗ ಎಂಜಿನ್‌ನಿಂದ ಗೇರ್‌ಬಾಕ್ಸ್ ಬೇರೆಯಾಗ್ತಿಲ್ವಾ, ಅಂತ ಖಾತ್ರಿ ಮಾಡ್ಕೊಳ್ಳಿ. ಎಂಜಿನ್ ಆಫ್ ಇರ್ಲಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಹಿಂದಿನ ಒಂದೇ ಕಡೆ ಚಕ್ರ ಜಾಕಿಲಿ ಎತ್ತಿ ಗಟ್ಟಿ ಮರದ ದಿಮ್ಮಿ ಇಡಿ, ಟಾಪ್ ಗೇರ್ ಹಾಕಿ. ಒಬ್ರು ಪೆಡಲ್ ತುಳಿದು ಹಿಡಿದಿರ್ಲಿ, ಇನ್ನೊಬ್ರು ಎತ್ತಿರೋ ಚಕ್ರ ತಿರುಗಿಸ್ಲಿ. ಸಲೀಸಾಗಿ ತಿರುಗಿದ್ರೆ ಕ್ಲಚ್ ಬಿಡ್ತಿದೆ, ತೊಂದ್ರೆ ಗೇರ್‌ಬಾಕ್ಸಲ್ಲಿ. ಎರಡೂ ಕಡೆ ಎತ್ತಬೇಡಿ, ಒಂದು ಚಕ್ರ ತಿರುಗಿಸಿದ್ರೆ ಇನ್ನೊಂದು ಉಲ್ಟಾ ತಿರುಗುತ್ತೆ, ಏನೂ ಗೊತ್ತಾಗಲ್ಲ.

ತಿರುಗ್ಲಿಲ್ವಾ, ಹಾಗಾದ್ರೆ ಫೋರ್ಕ್ (ರಾಡ್ ಎಳೆದಾಗ ಕ್ಲಚ್ ಬಿಡಿಸೋ ಕವೆ) ಎಷ್ಟು ಚಲಿಸ್ತಿದೆ ಅಂತ ಸ್ಕೇಲ್ ಇಟ್ಟು ಅಳೀರಿ. ಹೊಸ ಮೌಂಟಿಂಗಲ್ಲಿ ಎಂಜಿನ್ ಒಂದಿಂಚು ಹಿಂದೆ ಕೂತ್ರೂ ರಾಡ್ ಓರೆಯಾಗಿ ಅರ್ಧ ಎಳೆತ ಅಲ್ಲೇ ಹೋಗುತ್ತೆ, ನಮ್ದು ಆಗಿದ್ದು ಇದೇ. ಪೆಡಲ್ ತುಳಿವಾಗ ಡ್ಯಾಶ್ ಹಿಂದಿನ ತಗಡು ಬಾಗುತ್ತಾ ಅಂತ್ಲೂ ನೋಡಿ. ಹೈಡ್ರಾಲಿಕ್, ಅಂದ್ರೆ ಆಯಿಲ್ ಒತ್ತಡದ ಕ್ಲಚ್ ಆಗಿದ್ರೆ ಪೈಪಲ್ಲಿರೋ ಏರ್ ತೆಗೀರಿ, ಆಮೇಲೂ ಸ್ಲೇವ್ ಸಿಲಿಂಡರ್ (ಫೋರ್ಕ್ ತಳ್ಳೋದು) ರಾಡ್ ಕಮ್ಮಿ ಬರ್ತಿದ್ರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಹತ್ರದ್ದು) ಬೋರ್ ಚಿಕ್ಕದಿರ್ಬೋದು, ಸಾಕಾಗೋಷ್ಟು ಆಯಿಲ್ ತಳ್ಳಲ್ಲ ಅದು. ಕೇಬಲ್ ಇರೋ ಗಾಡೀಲಿ ಇನ್ನೊಂದಿದೆ: ಎಂಜಿನ್‌ನಿಂದ ಚಾಸಿಗೆ ಅರ್ತ್ ಪಟ್ಟಿ ಹಾಕೋದು ಮರೆತ್ರೆ ಸ್ಟಾರ್ಟರ್ ಕರೆಂಟ್ ಕ್ಲಚ್ ಕೇಬಲ್ ಮೂಲಕ ಹಾಯ್ದು ಕೇಬಲ್ ಸುಟ್ಟು ಹಿಡ್ಕೊಳ್ಳುತ್ತೆ.

ಇಷ್ಟೂ ಸರಿಯಿದ್ರೆ ಮಾತ್ರ ಗೇರ್‌ಬಾಕ್ಸ್ ಇಳಿಸಿ. ಪ್ಲೇಟ್ ಉಲ್ಟಾ ಹಾಕಿದ್ದೀರಾ ನೋಡಿ, ಸಾಮಾನ್ಯವಾಗಿ ಸ್ಪ್ರಿಂಗ್ ಉಬ್ಬಿರೋ ಕಡೆ ಗೇರ್‌ಬಾಕ್ಸ್ ಕಡೆಗಿರ್ಬೇಕು. ನಂತ್ರ ಪೈಲಟ್ ಬುಷ್, ಅಂದ್ರೆ ಎಂಜಿನ್ ಕ್ರ್ಯಾಂಕ್ ಶಾಫ್ಟ್ ತುದಿಯ ತೂತಲ್ಲಿ ಗೇರ್‌ಬಾಕ್ಸ್ ಶಾಫ್ಟ್ ಮೂತಿ ಕೂರೋ ಬುಷ್, ಇದನ್ನ ಯಾರೂ ಹಗುರವಾಗಿ ತಗೋಬೇಡಿ. ಗೇರ್‌ಬಾಕ್ಸ್ ಶಾಫ್ಟ್ ಮೂತಿ ಕ್ರ್ಯಾಂಕ್ ತೂತಿನ ತಳಕ್ಕೆ ತಾಗಿದ್ರೆ, ಇಲ್ಲ ಬುಷ್ ಬಿಗಿಯಿದ್ರೆ, ಕ್ಲಚ್ ಬಿಟ್ರೂ ಕ್ರ್ಯಾಂಕ್ ಜೊತೆ ಶಾಫ್ಟ್ ತಿರುಗ್ತಾನೇ ಇರುತ್ತೆ. ಮೂತಿ ಉದ್ದ, ತೂತಿನ ಆಳ ಎರಡನ್ನೂ ಅಳತೆ ಮಾಡಿ ಬರ್ಕೊಳ್ಳಿ.

ಹೊಸ ಎಂಜಿನ್‌ಗೆ ಹಳೇ ಗೇರ್‌ಬಾಕ್ಸ್ ಜೋಡಿಸೋ ಅಡಾಪ್ಟರ್ ಪ್ಲೇಟ್ ಲೇತಲ್ಲಿ ಮಾಡಿಸಿದ್ರೆ ಬೆಲ್ ಹೌಸಿಂಗ್ (ಕ್ಲಚ್ ಸುತ್ತ ಇರೋ ಗಂಟೆ ಆಕಾರದ ಕವಚ) ಸೆಂಟರ್ ಚೆಕ್ ಮಾಡಿಸ್ಲೇಬೇಕು. ಫ್ಲೈವೀಲಿಗೆ ಡಯಲ್ ಗೇಜ್ ಕೂರಿಸಿ ಹೌಸಿಂಗ್ ತೂತಿನ ಸುತ್ತ ತಿರುಗಿಸಿ, ಮುಳ್ಳು ಒಟ್ಟು 10 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಓಡಿದ್ರೆ ಸೆಂಟರ್ ತಪ್ಪಿರೋದು 5 ಥೌ, ಅಂದ್ರೆ 0.13 ಮಿ.ಮೀ. ಅದಕ್ಕಿಂತ ಜಾಸ್ತಿ ಬಿಡಬೇಡಿ.

ವಾಪಸ್ ಕೂರಿಸುವಾಗ ಗೇರ್‌ಬಾಕ್ಸ್ ಕೈಯಲ್ಲಿ ತಳ್ಳಿದ್ರೇನೇ ಪೂರ್ತಿ ಹೋಗಿ ಕೂರ್ಬೇಕು. ಸಂದಿ ಉಳಿದ್ರೆ ಬೋಲ್ಟ್ ಬಿಗಿದು ಎಳೀಬೇಡಿ, ಈಚೆ ತೆಗೆದು ಎಲ್ಲಿ ತಾಗ್ತಿದೆ ಅಂತ ಮತ್ತೆ ಅಳೀರಿ.